ಬಲಗಿವಿಯ ಕಚ್ಚು

ಕುರಿಯ ಕಿವಿ ಹಿಡಿದುಕೊಂಡ ಚಂದ್ರಕ್ಕ ನಿಂತಲ್ಲೇ ನಿಂತುಬಿಟ್ಟಳು.

ಈರಕ್ಕನ ಮನೆ ಮುಂದಿನ ರೊಪ್ಪದಿಂದ ತಪ್ಪಿಸಿಕೊಂಡು ಬಂದ ಕುರಿ ಅದು. ಚಂದ್ರಕ್ಕನ ಖಾಕಿ ಪ್ಯಾಂಟಿನ ಜೇಬಿನಲ್ಲಿದ್ದ ಬಿಸ್ಕತ್ತಿಗೆ ಬಾಯಿ ಹಾಕಿತ್ತು. ಮಂಡಿನೋವಿನ ಮಾತ್ರೆ ಬರೀ ಹೊಟ್ಟೆಗೆ ಆಗುವುದಿಲ್ಲವೆಂದು ಆ ಬಿಸ್ಕತ್ತನ್ನು ಅವಳು ಜೋಪಾನವಾಗಿ ಇಟ್ಟುಕೊಂಡಿದ್ದಳು. ದೂಡಲೆಂದು ಕಿವಿಗೆ ಕೈ ಹಾಕಿದಾಗ ಬೆರಳಿಗೆ ತಗುಲಿತು. ಎಡಗಿವಿಯ ಅಂಚಿನಲ್ಲಿ ಜೋಡಿ ಕಚ್ಚು. ರೊಪ್ಪದೊಳಕ್ಕೆ ಬಗ್ಗಿ ಇನ್ನೊಂದು ಕುರಿಯ ಕಿವಿ ನೋಡಿದಳು, ಮತ್ತೊಂದರದು ನೋಡಿದಳು. ಎಲ್ಲಕ್ಕೂ ಎಡಗಿವಿಗೇ.

ಹಟ್ಟಿಯಲ್ಲಿ ಹುಟ್ಟಿದವರಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಬಯಲಲ್ಲಿ ಮಂದೆಗಳು ಬೆರೆತುಹೋದರೆ ಯಾರ ಕುರಿ ಯಾರದೆಂದು ಹೇಳುವುದು ಕಿವಿಯೇ. ಮರಿಯಾಗಿದ್ದಾಗಲೇ ಅಂಚು ಕತ್ತರಿಸಿ ಮನೆಯ ಗುರುತು ಹಾಕಿಬಿಡುತ್ತಾರೆ. ತಾತ ಹಾಕಿದ ಕಚ್ಚನ್ನು ಮೊಮ್ಮಗ ಬದಲಾಯಿಸುವುದಿಲ್ಲ. ಚಂದ್ರಕ್ಕನ ತವರಿನದು ಬಲಗಿವಿಗೆ ಒಂದು ಓರೆ ಕಚ್ಚು. ಎ.ಎಸ್.ಐ. ಆಗಿ, ನಿವೃತ್ತಿ ಹತ್ತಿರ ಬಂದಿದ್ದರೂ ದಾರಿಯಲ್ಲಿ ಮಂದೆ ಎದುರಾದರೆ ಅವಳ ಕಣ್ಣು ಮೊದಲು ಹೋಗುವುದು ಕಿವಿಯ ಕಡೆಗೇ.

ಅಂಥವಳು ಆ ಪುಸ್ತಕವನ್ನು ದಿನಗಟ್ಟಲೆ ತಿರುವಿಹಾಕಿದ್ದರೂ ಅದರಲ್ಲಿದ್ದ ಕುರಿಗಳ ಕಿವಿ ನೋಡಿರಲಿಲ್ಲ. ನೋಡಿದ್ದು ಬರೀ ಆ ಮನುಷ್ಯನನ್ನು. ತನ್ನ ಬುದ್ಧಿಗಿಷ್ಟು ಎಂದು ತನ್ನನ್ನೇ ಬೈದುಕೊಂಡು ಅವಳು ಜೀಪಿನ ಕಡೆ ಕೂಗು ಹಾಕಿದಳು. ಡ್ರೈವರ್ ಶಿವರಾಜ್ ಪುಸ್ತಕ ತಂದುಕೊಟ್ಟ. ಅದನ್ನು ಎರಡು ಬೆರಳಲ್ಲಿ ಹಿಡಿದುಕೊಂಡು ಬಂದಿದ್ದ. ಅದರ ಕೊನೆಯ ಪುಟ ನೋಡಿದ ದಿನದಿಂದ ಅವನು ಅದನ್ನು ಹಾಗೆಯೇ ಹಿಡಿಯುವುದು.

ಪುಸ್ತಕದ ಹೆಸರು ‘ಕಣ್ಣೆದುರಿಗೇ ಮಾಯ’. ಸುತ್ತಲಿನ ಬಣ್ಣದಲ್ಲಿ ಬೆರೆತು ಅಡಗುವ ಜೀವಿಗಳ ಬಗ್ಗೆ ಮಕ್ಕಳಿಗಾಗಿ ಮಾಡಿದ ವಿಜ್ಞಾನದ ಪುಸ್ತಕ. ಪುಟಕ್ಕೊಂದು ದೊಡ್ಡ ಚಿತ್ರ, ಚಿತ್ರಕ್ಕೊಂದು ಅಡಗಿದ ಜೀವಿ, ಕೊನೆಯಲ್ಲಿ ಉತ್ತರ. ಬರೆದವರು ಹೊಸದುರ್ಗದ ಹಾಲಸ್ವಾಮಿ ಮೇಷ್ಟ್ರು. ಚಿತ್ರ ಬಿಡಿಸಿದವನು ಈರಕ್ಕನ ಒಬ್ಬನೇ ಮಗ ರಂಗೇಶ್. ದಸರೆಗೆ ಮುಂಚೆ ಚಿತ್ರದ ಚೀಲ ಹೆಗಲಿಗೆ ಹಾಕಿಕೊಂಡು ಹೋದ ರಂಗೇಶ್ ತಿರುಗಿ ಬಂದಿರಲಿಲ್ಲ. ಮತ್ತೋಡಿನ ಕೆರೆ ಏರಿಯ ಮೇಲೆ ಅವನ ಚಪ್ಪಲಿ ಮಾತ್ರ ಸಿಕ್ಕಿದ್ದವು.

ಮುಂಗಾರಿಗೆ ಶಾಲೆ ಶುರುವಾದಾಗ ಪುಸ್ತಕ ಬಂತು. ರಂಗೇಶನ ತಂಗಿ ದೀಪಾ ಮತ್ತೋಡಿನ ಶಾಲೆಯಲ್ಲಿ ಟೀಚರ್. ಅಣ್ಣನ ಕೊನೆಯ ಪುಸ್ತಕವೆಂದು ಮೂರನೇ ತರಗತಿಯ ಮಕ್ಕಳ ಕೈಗೆ ಅವಳೇ ಕೊಟ್ಟಳು. ಮಕ್ಕಳು ಮೊಲವನ್ನೂ ಹುಳವನ್ನೂ ಹುಡುಕುತ್ತ ಹುಡುಕುತ್ತ, ಉತ್ತರದ ಪುಟದಲ್ಲಿ ಇಲ್ಲದ ಇನ್ನೊಬ್ಬನನ್ನು ಕಂಡುಹಿಡಿದವು. ಅವನಿಗೆ ಕಲ್ಲಣ್ಣ ಎಂದು ಹೆಸರನ್ನೂ ಇಟ್ಟವು.

ಮೊದಲ ಪುಟದಲ್ಲಿ ಹುಡುಕಬೇಕಾದ್ದು ಟಿಟ್ಟಿಭದ ಮೊಟ್ಟೆ. ಅಲ್ಲಿ ಕಲ್ಲಣ್ಣ ಎರಡು ಬಂಡೆಗಳ ನಡುವೆ ನಿಂತಿದ್ದಾನೆ. ಬಂಡೆಯ ಬಣ್ಣವೇ ಅವನ ಬಣ್ಣ, ಬಿರುಕೇ ಅವನ ಬಾಯಿ. ಓತಿಕ್ಯಾತದ ಪುಟದಲ್ಲಿ ಕುಳಿತಿದ್ದಾನೆ. ಗೌಜಲ ಹಕ್ಕಿಯ ಪುಟದಲ್ಲಿ ಮಗ್ಗುಲಾಗಿ ಮಲಗಿದ್ದಾನೆ, ಪಕ್ಕೆಯ ಮೇಲೆ ಒಣಹುಲ್ಲು ಬೆಳೆದಿದೆ. ಮೊಲದ ಪುಟಕ್ಕೆ ಬರುವಷ್ಟರಲ್ಲಿ ಅರ್ಧ ಮೈ ಮಣ್ಣಿನೊಳಗೆ. ಕೊನೆಯ ಪುಟದಲ್ಲಿ ಕುರಿಮಂದೆಯ ನಡುವೆ ಒಂದು ತೋಳ ಅಡಗಿದೆ. ತೋಳ ಮಕ್ಕಳಿಗೆ ಬೇಗ ಸಿಕ್ಕಿತ್ತು. ಕಲ್ಲಣ್ಣ ಸಿಗಲು ಬಹಳ ಹೊತ್ತಾಯಿತು, ಏಕೆಂದರೆ ಹುಲ್ಲಿನ ಬುಡದಲ್ಲಿ ಉಳಿದಿದ್ದು ಎರಡು ಕಣ್ಣು ಮಾತ್ರ. ಎರಡೂ ತೆರೆದಿದ್ದವು.

ಒಬ್ಬ ಮನುಷ್ಯ ಸ್ವಲ್ಪಸ್ವಲ್ಪವೇ ನೆಲಕ್ಕೆ ಸೇರಿಹೋಗುವುದನ್ನು ಮಕ್ಕಳ ಪುಸ್ತಕದಲ್ಲಿ ಬಣ್ಣ ಹಚ್ಚಿ ತೋರಿಸಿದ್ದರು. ಮಕ್ಕಳಿಗೆ ಅದು ಆಟ. ದೀಪಾಳಿಗೆ ಮಾತ್ರ ಆ ಕಣ್ಣು ಅಣ್ಣನದೆಂದು ತಿಳಿದು, ಪಾಠ ಮಾಡುತ್ತಿದ್ದವಳು ಪುಸ್ತಕ ಎತ್ತಿಕೊಂಡು ಸ್ಟೇಷನ್ನಿಗೆ ಬಂದಿದ್ದಳು.

ಚಂದ್ರಕ್ಕ ಕನ್ನಡಕ ಏರಿಸಿ ಕೊನೆಯ ಪುಟದ ಕುರಿಗಳನ್ನು ನೋಡಿದಳು. ಚಿಕ್ಕ ಚಿಕ್ಕ ಕುರಿಗಳು, ಆದರೆ ರಂಗೇಶ್ ಒಂದರ ಕಿವಿಯನ್ನೂ ಹಾಗೆಯೇ ಬಿಟ್ಟಿರಲಿಲ್ಲ. ಪೇಟೆಯ ಚಿತ್ರಗಾರನಾಗಿದ್ದರೆ ನಾಲ್ಕು ಕಾಲು, ಒಂದಿಷ್ಟು ಉಣ್ಣೆ ಹಾಕಿ ಮುಗಿಸುತ್ತಿದ್ದ. ಇವನು ಕುರುಬಿಕೆಯ ಮನೆಯ ಹುಡುಗ. ಕಚ್ಚಿಲ್ಲದ ಕಿವಿ ಅವನ ಕೈಯಲ್ಲಿ ಮೂಡುವುದಾದರೂ ಹೇಗೆ. ಜೋಡಿ ಕಚ್ಚು ಸ್ಪಷ್ಟವಾಗಿ ಇತ್ತು, ಬಲಗಿವಿಯಲ್ಲಿ.

ಮುಂಚಿನ ಪುಟಗಳಲ್ಲೂ ಅಷ್ಟೇ. ಎಲ್ಲೆಲ್ಲಿ ಕುರಿಯೋ ಅಲ್ಲೆಲ್ಲ ಬಲಕ್ಕೇ ಕಚ್ಚು. ಹುಟ್ಟಿದಾಗಿನಿಂದ ಎಡಗಿವಿ ನೋಡಿದವನ ಕೈ ಒಂದು ಸಲ ತಪ್ಪಬಹುದು, ಪ್ರತಿ ಸಲವೂ ತಪ್ಪುವುದಿಲ್ಲ. ಅಂದರೆ ತಪ್ಪಿದ್ದು ರಂಗೇಶನ ಕೈಯಲ್ಲ, ಚಿತ್ರವೇ ಮಗುಚಿದೆ.

ಅವಳು ದಡದಡನೆ ಪಡಸಾಲೆಗೆ ನುಗ್ಗಿದಳು, ಮಂಡಿಯ ನೋವನ್ನೂ ಮರೆತು. ಗೋಡೆಯಲ್ಲಿ ಒಂದು ಕನ್ನಡಿ ತೂಗುತ್ತಿತ್ತು. ಅದರ ಅಂಚಿಗೆಲ್ಲ ದೀಪಾ ಕಾಲೇಜಿಗೆ ಹೋಗುವಾಗ ಅಂಟಿಸಿದ್ದ ಹಣೆಬೊಟ್ಟುಗಳು. ಈರಕ್ಕ ಮೊರದಲ್ಲಿ ಸಜ್ಜೆ ಹಸನು ಮಾಡುತ್ತ ಕುಳಿತಿದ್ದಳು. ಅವಳ ಅಳಿಯ, ದೀಪಾಳ ಗಂಡ ಬಾಲರಾಜು ಆಗ ತಾನೇ ಬೈಕಿನಲ್ಲಿ ಬಂದು ಅತ್ತೆ ಕೊಟ್ಟ ನೀರು ಕುಡಿಯುತ್ತಿದ್ದ. ಚಂದ್ರಕ್ಕನಿಗೆ ಈ ಅಳಿಯನ ಮೇಲೆ ಒಂದು ಬಗೆಯ ಗೌರವ. ಭಾವಮೈದುನನ ಫೋಟೋ ಹಿಡಿದು ಹಿರಿಯೂರು, ಹೊಳಲ್ಕೆರೆ, ಚಿತ್ರದುರ್ಗದ ಬಸ್‌ಸ್ಟ್ಯಾಂಡುಗಳನ್ನೆಲ್ಲ ಸುತ್ತಿದವನು ಅವನು. ಎಲ್ಲರೂ ಕೆರೆಯ ನೀರನ್ನು ನೋಡಿ ಕೈಚೆಲ್ಲಿದರೂ ಅವನೊಬ್ಬ ಹುಡುಕುವುದನ್ನು ಬಿಟ್ಟಿರಲಿಲ್ಲ.

ಚಂದ್ರಕ್ಕ ಕೊನೆಯ ಪುಟವನ್ನು ಕನ್ನಡಿಗೆ ಹಿಡಿದಳು. ಕಚ್ಚು ಎಡಗಿವಿಗೆ ಬಂತು. ಅದರ ಜೊತೆಗೆ ಹಿಂದಿನ ಗುಡ್ಡವೂ ತಿರುಗಿತು.

ಆ ಗುಡ್ಡಕ್ಕಾಗಿ ಅವಳು ತಾಲ್ಲೂಕೆಲ್ಲ ಅಲೆದಿದ್ದಳು. ಒಂದು ಪಕ್ಕ ಕಡಿದು ನಿಲ್ಲಿಸಿದ ಗುಡ್ಡ, ಅದರ ಬುಡದಲ್ಲಿ ಒಡೆದುಹೋದ ಕಟ್ಟೆ, ಈಚೆಗೆ ಒಂಟಿ ಹುಣಸೆಮರ. ಯಾರನ್ನು ಕೇಳಿದರೂ ಇಂಥ ಜಾಗವೇ ಇಲ್ಲ, ಹುಡುಗ ಮನಸ್ಸಿನಿಂದ ಬರೆದಿದ್ದಾನೆ ಎಂದಿದ್ದರು. ಈಗ ಕನ್ನಡಿಯೊಳಗೆ ಮರ ಬಲಕ್ಕೂ ಕಟ್ಟೆ ಎಡಕ್ಕೂ ಹೋಗಿ ಕುಳಿತಾಗ ಈರಕ್ಕನ ಕೈಯಲ್ಲಿದ್ದ ಮೊರ ನಿಂತುಹೋಯಿತು.

“ಇದು ಕೊಡಲಿಗುಡ್ಡ ಕಣ್ರೀ ಮೇಡಂ,” ಎಂದ ಬಾಲರಾಜು. ಅವನು ಅತ್ತೆಯ ಹಿಂದೆ ಬಂದು ನಿಂತಿದ್ದ.

ಗುಡ್ಡದ ನೆತ್ತಿಯ ಮೇಲೆ ಕಡ್ಡಿಯಂಥದ್ದೊಂದು ನಿಂತಿತ್ತು. ಚಂದ್ರಕ್ಕ ಅದನ್ನು ಒಣಗಿದ ಮರವೆಂದು ತಿಳಿದಿದ್ದಳು. ಅದೇನಪ್ಪ ಎಂದು ಕೇಳಿದಳು. ಗಾಳಿಫ್ಯಾನಿನ ಕಂಬ, ರೆಕ್ಕೆ ಹಾಕುವುದಕ್ಕೆ ಮುಂಚಿನದು ಎಂದ ಬಾಲರಾಜು. ಆ ಗುಡ್ಡಕ್ಕೆ ರಸ್ತೆ ಮಾಡಲು ಗ್ರಾವೆಲ್ ಹೊಡೆಸಿದವನೇ ಅವನು, ಹಾಗಾಗಿ ಅವನಿಗೆ ಎಲ್ಲವೂ ಗೊತ್ತಿತ್ತು. ಕಂಬ ಎತ್ತಿದ್ದು ಸಂಕ್ರಾಂತಿ ಆದ ಮೇಲೆ, ರೆಕ್ಕೆ ಕೂಡಿಸಿದ್ದು ಶಿವರಾತ್ರಿಗೆ. ಅಷ್ಟು ಹೇಳಿದವನು ತಟ್ಟನೆ ಕನ್ನಡಿಯ ಹತ್ತಿರಕ್ಕೆ ಬಗ್ಗಿದ.

ಹೊರಗೆ ಆಷಾಢದ ಗಾಳಿ ತಗಡನ್ನು ಎತ್ತಿ ಎತ್ತಿ ಹಾಕುತ್ತಿತ್ತು.

ದಸರೆಗೆ ಮುಂಚೆ ಮಾಯವಾದವನು ಸಂಕ್ರಾಂತಿಯ ಮೇಲೆ ನಿಲ್ಲಿಸಿದ ಕಂಬವನ್ನು ಬರೆದಿದ್ದ.

“ಅಂಗಾರೆ ನನ್ ಮಗ ಅವಾಗ ಬದುಕಿದ್ದ,” ಎಂದಳು ಈರಕ್ಕ.

ಹಟ್ಟಿಯ ಹಿರಿಯರು ಶ್ರಾವಣ ಹುಟ್ಟುವುದರೊಳಗೆ ರಂಗೇಶನ ಕಾರ್ಯ ಮಾಡಿ ಮುಗಿಸಬೇಕೆಂದು ಗೊತ್ತುಮಾಡಿದ್ದರು. ಹೆಣ ಸಿಗದವನ ಕಾರ್ಯ ಹೇಗೆ ಮಾಡುವುದೆಂದು ತಿಳಿದವರನ್ನು ಕೇಳಿಯೂ ಆಗಿತ್ತು. ಈರಕ್ಕ ಎಲ್ಲದಕ್ಕೂ ಹೂಂ ಎಂದಿದ್ದಳು, ಆದರೆ ಪ್ರತಿ ದಿನ ಮಗನ ತಟ್ಟೆಯನ್ನು ತೊಳೆದು ಕವುಚಿಡುವುದನ್ನು ಬಿಟ್ಟಿರಲಿಲ್ಲ. ಈಗ ಅವಳು ಸೆರಗನ್ನು ಬಾಯಿಗೆ ಒತ್ತಿಕೊಂಡು ಕನ್ನಡಿಯ ಮುಂದೆ ನಿಂತಳು. ಅವಳ ಮುಖ ಕ್ಷಣಕ್ಷಣಕ್ಕೂ ಬದಲಾಗುತ್ತಿತ್ತು. ಮನಸ್ಸಿನಲ್ಲಿದ್ದುದನ್ನು ಮುಚ್ಚಿಡಲು ಬಾರದ ಹೆಂಗಸು ಅವಳು. ಆ ಸಂತೋಷವನ್ನು ನೋಡುವುದೇ ಕಷ್ಟವಾಗಿ ಚಂದ್ರಕ್ಕ ಬೇರೆ ಕಡೆ ತಿರುಗಿದಳು.

ಒಲೆ ಹೊತ್ತಿಸುತ್ತೇನೆ, ಅವನು ಹಸಿದಿರುತ್ತಾನೆ ಎಂದು ಈರಕ್ಕ ಒಳಗೆ ಹೋದಳು. ಚಂದ್ರಕ್ಕ ಬಾಲರಾಜುವನ್ನು ಈಚೆ ಕರೆದು ಮೆಲ್ಲಗೆ ಹೇಳಿದಳು. ಗುಡ್ಡ ದೊಡ್ಡದು, ಹುಡುಕಲು ಜನ ಬೇಕು. ಸ್ಟೇಷನ್ನಿಂದ ಕರೆಸುತ್ತೇನೆ, ಊಟದ ಹೊತ್ತಿನ ಮೇಲೆ ಬರುತ್ತಾರೆ. ಅಲ್ಲಿಯವರೆಗೂ ಯಾರೂ ಆ ಕಡೆ ಹೋಗಕೂಡದು. ಅತ್ತೆಯನ್ನು ಒಬ್ಬಳೇ ಬಿಡಬೇಡ, ನಿನ್ನ ಮೇಲೆ ಬಿಟ್ಟಿದ್ದೇನೆ.

ಬಾಲರಾಜು ಗಂಭೀರವಾಗಿ ತಲೆಯಾಡಿಸಿದ. ನೀವು ಎಲ್ಲಿಗೆ ಹೋಗ್ತೀರ ಮೇಡಂ ಎಂದು ಕೇಳಿದ. ಹೊಸದುರ್ಗಕ್ಕೆ, ಮೇಷ್ಟ್ರ ಮನೆಗೆ ಎಂದಳು ಚಂದ್ರಕ್ಕ.

ಜೀಪು ಹಟ್ಟಿ ದಾಟಿದ ಮೇಲೆ ಅವಳು ಶಿವರಾಜನಿಗೆ ಎಲ್ಲವನ್ನೂ ಬಿಡಿಸಿ ಹೇಳಿದಳು. ಹಾಗೆ ಹೇಳದಿದ್ದರೆ ಅವಳಿಗೇ ಯೋಚನೆ ನೆಟ್ಟಗೆ ಸಾಗುತ್ತಿರಲಿಲ್ಲ. ಚಿತ್ರಗಳೆಲ್ಲ ದಸರೆಗೆ ಮುಂಚೆಯೇ ಕೈಸೇರಿದ್ದವು ಎಂದು ಹಾಲಸ್ವಾಮಿ ಮೇಷ್ಟ್ರು ಬರೆದು ಸಹಿ ಮಾಡಿಕೊಟ್ಟಿದ್ದರು. ಅದು ಸುಳ್ಳು. ಚಿತ್ರಗಳನ್ನು ಪ್ರೆಸ್ಸಿಗೆ ಕೊಡುವ ಮೊದಲು ಸಿದ್ಧಮಾಡಿದವರೂ ಅವರೇ, ಅಂದರೆ ಜಾಗ ಯಾರಿಗೂ ತಿಳಿಯದಂತೆ ಮಗುಚಿದವರೂ ಅವರೇ. ಮೇಷ್ಟ್ರು ಹುಡುಗನನ್ನು ಎಲ್ಲೋ ಕೂಡಿಹಾಕಿ ಪುಟದ ಮೇಲೆ ಪುಟ ಬರೆಸಿಕೊಂಡಿದ್ದಾರೆ. ಹುಡುಗ ತನ್ನ ಕೈಲಾದ ರೀತಿಯಲ್ಲಿ, ನಾನು ಸಾಯುತ್ತಿದ್ದೇನೆ ಬನ್ನಿ ಎಂದು ಚಿತ್ರದೊಳಗಿಂದ ಕೂಗಿಕೊಂಡಿದ್ದಾನೆ.

“ಕೊನೇ ಪುಟಕ್ಕೆ ಬರೀ ಕಣ್ಣು ಉಳ್ಕಂಡವೆ ಕಣಪ್ಪ. ಬಿರ್‌ಬಿರ್ನೆ ಹೋಗಾಣ,” ಎಂದಳು. ಶಿವರಾಜ್ ಗೇರು ಬದಲಿಸಿದ. ದಾರಿಯ ಎರಡೂ ಕಡೆ ಗುಡ್ಡಗಳ ಸಾಲಿನ ಮೇಲೆ ಗಾಳಿಫ್ಯಾನುಗಳು ತಿರುಗುತ್ತಿದ್ದವು, ಅವುಗಳ ನೆರಳು ಹೊಲಗಳನ್ನು ದಾಟಿ ದಾಟಿ ಹೋಗುತ್ತಿತ್ತು. ಅಷ್ಟು ಬೆಳಕಿದ್ದರೂ ಆ ಬಯಲಲ್ಲಿ ಒಬ್ಬ ಮನುಷ್ಯ ಕಾಣಲಿಲ್ಲ. ಚಂದ್ರಕ್ಕ ಗೊತ್ತಿಲ್ಲದೆಯೇ ಪ್ರತಿ ಬಂಡೆಯ ಬಿರುಕಿನಲ್ಲೂ ಒಂದು ಬಾಯಿ ಹುಡುಕುತ್ತಿದ್ದಳು.

ಹಾಲಸ್ವಾಮಿ ಮೇಷ್ಟ್ರ ಮನೆಯ ಬಾಗಿಲು ತೆರೆದೇ ಇತ್ತು. ಹೆಂಡತಿ ತೀರಿಹೋದ ಮೇಲೆ ಮನೆಯ ನಡುಕೋಣೆಯನ್ನು ಅವರು ಪೂರ್ತಿಯಾಗಿ ಕಾಡಿಗೆ ಬಿಟ್ಟುಕೊಟ್ಟಿದ್ದರು. ಮೊಳೆಗೆ ತೂಗುಬಿಟ್ಟ ಹಾವಿನ ಪೊರೆ, ಗೀಜಗನ ಗೂಡುಗಳು, ಸೀಸೆಗಳಲ್ಲಿ ಬೀಜ, ಒಂದು ತಟ್ಟೆಯ ತುಂಬ ಗೂಬೆ ಉಗುಳಿದ ಸಣ್ಣ ಸಣ್ಣ ಎಲುಬು. ಅವುಗಳ ನಡುವೆ ಮೇಷ್ಟ್ರು ಕುಳಿತು ಮುಂದಿನ ಪುಸ್ತಕದ ಕರಡು ತಿದ್ದುತ್ತಿದ್ದರು. ಕಣ್ಣೆತ್ತಿ ನೋಡಿದವರ ಮುಖದಲ್ಲಿ ಆಶ್ಚರ್ಯವೇನೂ ಕಾಣಲಿಲ್ಲ.

“ಬರ್ರಿ ಚಂದ್ರಕ್ಕ, ಕುಂತ್ಕಳ್ರಿ. ಮಜ್ಜಿಗೆ ಐತೆ, ಕುಡಿಯೋರಂತೆ.”

ಚಂದ್ರಕ್ಕ ಕುಳಿತುಕೊಳ್ಳಲಿಲ್ಲ. ಪುಸ್ತಕವನ್ನು ಅವರ ಕರಡಿನ ಮೇಲೆ ಬಿಡಿಸಿಟ್ಟು, ಒಂದು ಕುರಿಯ ಕಿವಿಯ ಮೇಲೆ ಬೆರಳಿಟ್ಟಳು. ಹಕ್ಕಿಯ ಕಾಲುಬೆರಳು ಹಿಂದುಮುಂದಾಗಿದೆ ಎಂದು ಅಚ್ಚಾದ ಪುಟವನ್ನು ಹರಿಸಿಹಾಕಿದ ಮೇಷ್ಟ್ರು ನೀವು, ಇಡೀ ಮಂದೆಯ ಕಿವಿ ತಪ್ಪಾಗಿದ್ದರೂ ಸುಮ್ಮನಿದ್ದಿರಲ್ಲ ಎಂದಳು.

ಮೇಷ್ಟ್ರು ಕನ್ನಡಕ ತೆಗೆದು ಒರೆಸಿದರು. ಕುರಿಯ ಕಿವಿಗೆ ಎಡಬಲ ಇರುತ್ತದೆಂದು ತಮಗೆ ತಿಳಿದಿರಲಿಲ್ಲ ಎಂದರು. ಮರ ತಿರುಗಿತೇ, ಗುಡ್ಡ ತಿರುಗಿತೇ ಎಂದಷ್ಟೇ ನೋಡಿಕೊಂಡಿದ್ದರಂತೆ. ಕಚ್ಚನ್ನು ಕುರಿ ಎಲ್ಲೋ ಬೇಲಿಗೆ ಸಿಕ್ಕಿ ಹರಿದುಕೊಂಡ ಗುರುತೆಂದು ತಿಳಿದಿದ್ದರು. ಕಂಪ್ಯೂಟರಿನಲ್ಲಿ ಒಂದು ಗುಂಡಿ ಒತ್ತಿದರೆ ಗುಡ್ಡ ತಿರುಗುತ್ತದೆ ಎಂದು ಅವರು ಹೇಳಿದ ರೀತಿಯಲ್ಲಿ ನಾಚಿಕೆಯ ಸುಳಿವೇ ಇರಲಿಲ್ಲ.

ಚಂದ್ರಕ್ಕನಿಗೆ ರೇಗಿತು. ಅವನನ್ನು ಎಲ್ಲಿ ಕೂಡಿಹಾಕಿದ್ದೀರಿ ಎಂದು ಕೇಳಿದಳು. ಒಬ್ಬ ತಾಯಿ ಬದುಕಿರುವ ಮಗನ ಕಾರ್ಯಕ್ಕೆ ಅಕ್ಕಿ ಬೇರೆ ತೆಗೆದಿಟ್ಟಿದ್ದಾಳೆ, ಅದು ನಿಮಗೆ ಗೊತ್ತೇ ಎಂದಳು. ಬಾಗಿಲಲ್ಲಿ ಶಿವರಾಜ್ ಅಡ್ಡ ನಿಂತ.

ಮೇಷ್ಟ್ರು ತಾವೇ ಒಂದು ಪ್ರಶ್ನೆ ಕೇಳಿದರು.

“ಚಿತ್ರ ನೆಟ್ಟಗೆ ಮಾಡಿ ನೋಡಿದ್ರಲ್ಲ. ಆವಾಗ ಅಲ್ಲಿ ಬೇರೆ ಯಾರಿದ್ರು?”

ಪ್ರಶ್ನೆ ಕೇಳಬೇಕಾದವಳು ನಾನು ಎಂದಳು ಚಂದ್ರಕ್ಕ. ಅವರು ಅದನ್ನೇ ಮತ್ತೆ ಕೇಳಿದರು, ಈ ಸಲ ಎದ್ದು ನಿಂತು. ಅವರ ದನಿ ಬದಲಾಗಿತ್ತು. ಅವನ ತಾಯಿ ಇದ್ದಳು, ಅಳಿಯ ಬಾಲರಾಜು ಇದ್ದ, ಜಾಗದ ಗುರುತು ಹೇಳಿದ್ದೇ ಅವನು ಎಂದು ಚಂದ್ರಕ್ಕ ಹೇಳಿದಳು.

ಮೇಷ್ಟ್ರು ಮತ್ತೆ ಕುಳಿತುಬಿಟ್ಟರು.

ಆಮೇಲೆ ಅವರು ಹೇಳಿದ್ದನ್ನು ಚಂದ್ರಕ್ಕ ನಿಂತೇ ಕೇಳಿದಳು. ರಂಗೇಶನನ್ನು ಯಾರೂ ಕೂಡಿಹಾಕಿರಲಿಲ್ಲ. ಚಪ್ಪಲಿಯನ್ನು ಏರಿಯ ಮೇಲೆ ಬಿಟ್ಟುಹೋದವನು ಅವನೇ. ಹಕ್ಕಿಯ ಚಿತ್ರ ಬರೆಯುವುದಕ್ಕೆಂದು ದಿನವಿಡೀ ಅಲುಗಾಡದೆ ಬಂಡೆಗಳ ನಡುವೆ ಕುಳಿತಿದ್ದವನು, ಅಲ್ಲಿ ಯಾರೂ ಇಲ್ಲವೆಂದು ತಿಳಿದು ಯಾರೋ ಮಾಡಿದ ಕೆಲಸವೊಂದನ್ನು ಕಂಡಿದ್ದ. ಏನು ಕಂಡನೆಂದು ಮೇಷ್ಟ್ರಿಗೂ ಹೇಳಿರಲಿಲ್ಲ. ತಿಳಿದವರು ಇಬ್ಬರಾದರೆ ಇಬ್ಬರಿಗೂ ಉಳಿಗಾಲವಿಲ್ಲ ಎಂದಷ್ಟೇ ಹೇಳಿದ್ದ. ಹೊರಡುವಾಗ ಕಾಲಡಿ ಕಲ್ಲು ಜಾರಿ ಸದ್ದಾಗಿ, ಆ ಯಾರೋ ತಿರುಗಿ ನೋಡಿದ್ದ.

ಅಂದಿನಿಂದ ಅವನು ಗುಡ್ಡಗಳಲ್ಲೇ ಇದ್ದ. ಮೇಷ್ಟ್ರು ಆಗಾಗ ಹಾಲುರಾಮೇಶ್ವರಕ್ಕೆ ಹೋಗುವುದನ್ನು ದೇವರ ಭಕ್ತಿಯೆಂದೇ ಬೀದಿಯವರೆಲ್ಲ ತಿಳಿದಿದ್ದರು. ಅಲ್ಲಿಗೆ ಬರುವ ಭಕ್ತರ ಗುಂಪಿನಲ್ಲಿ ಟವೆಲ್ಲು ಮುಸುಕು ಹಾಕಿದವನೊಬ್ಬ ಚಿತ್ರ ಕೊಟ್ಟು, ಬಣ್ಣವನ್ನೂ ಅವಲಕ್ಕಿಯನ್ನೂ ತೆಗೆದುಕೊಂಡು ಹೋಗುತ್ತಿದ್ದ. ತಾಯಿಗೆ ಒಂದು ಮಾತು ತಿಳಿಸಲೇ ಎಂದು ಮೇಷ್ಟ್ರು ಪ್ರತಿ ಸಲ ಕೇಳುತ್ತಿದ್ದರು. ಬೇಡವೇ ಬೇಡ ಎನ್ನುತ್ತಿದ್ದ. ಅವ್ವನ ಮುಖ ನೋಡಿದರೆ ಸಾಕು, ಅವಳು ಬಾಯಿ ಬಿಡಬೇಕಾಗಿಲ್ಲ, ಮನೆಯೊಳಗಿನ ಎಲ್ಲರಿಗೂ ಗೊತ್ತಾಗಿಬಿಡುತ್ತದೆ ಎನ್ನುತ್ತಿದ್ದ.

“ಮತ್ತೆ ಈ ಹೆಣ ಯಾಕೆ ಬರೆದ ಪುಸ್ತಕದ ತುಂಬ?” ಎಂದಳು ಚಂದ್ರಕ್ಕ.

ಮೇಷ್ಟ್ರು ಅವಳನ್ನು ನೋಡಿದರು. ನಲವತ್ತು ಮಕ್ಕಳಿಗೆ ಹೇಳಿ ಹೇಳಿ ಸೋತ ಪಾಠವನ್ನು ಮತ್ತೊಮ್ಮೆ ಹೇಳುವವರ ನೋಟ ಅದು.

“ಯಾವ ಹೆಣ? ಪುಸ್ತಕದಾಗೆ ಅಡಗಿರೋ ಜೀವಿ ಒಂದಾದ್ರೂ ಸತ್ತೈತೇನ್ರಿ? ಮೊಲ ಸತ್ತೈತಾ? ಗೌಜಲ ಸತ್ತೈತಾ? ಅಲುಗಾಡದಂಗೆ ಬಿದ್ಕಂಡಿರೋದು ಸಾಯಾಕಲ್ಲ. ಬದುಕಾಕೆ.”

ಚಂದ್ರಕ್ಕ ಪುಸ್ತಕ ಎತ್ತಿಕೊಂಡಳು. ನಿಂತವನು, ಕುಳಿತವನು, ಮಲಗಿದವನು, ಹುಲ್ಲಿನ ಬುಡದ ಎರಡು ಕಣ್ಣು. ಸತ್ತು ಮಣ್ಣಾಗುತ್ತಿರುವವನೆಂದು ತಾನು ತಿಳಿದಿದ್ದವನು ದಿನದಿನಕ್ಕೂ ಅಡಗುವುದನ್ನು ಚೆನ್ನಾಗಿ ಕಲಿಯುತ್ತಿರುವವನು. ಆ ಕಣ್ಣುಗಳು ಆಕಾಶವನ್ನು ನೋಡುತ್ತಿರಲಿಲ್ಲ, ದಾರಿಯನ್ನು ಕಾಯುತ್ತಿದ್ದವು. ತಂಗಿ ಟೀಚರ್, ಪುಸ್ತಕ ಅವಳ ಕೈಗೆ ಬಂದೇ ಬರುತ್ತದೆ, ಅವಳಿಗೆ ಅರ್ಥವಾದರೂ ಆಗಬಹುದು ಎಂಬ ಒಂದು ಆಸೆ ಅವನಿಗೆ. ಅವನು ಸತ್ತಿಲ್ಲ ಎಂಬ ಸುದ್ದಿ ತಂಗಿಗೆ ಮುಟ್ಟಲಿ, ಜಾಗ ಮಾತ್ರ ಯಾರಿಗೂ ಮುಟ್ಟದಿರಲಿ ಎಂದು ಮೇಷ್ಟ್ರು ಗುಡ್ಡವನ್ನು ಮಗುಚಿದ್ದರು. ಆ ಮಗುಚಿದ ಗುಡ್ಡವನ್ನು ನೆಟ್ಟಗೆ ಮಾಡಿ ತೋರಿಸಿದವಳು ಚಂದ್ರಕ್ಕ.

ಅವಳು ಪುಸ್ತಕವನ್ನು ಮತ್ತೆ ಮೇಷ್ಟ್ರ ಮುಂದಿಟ್ಟಳು. ಯಾರಿಗೆ ಹೆದರುತ್ತಿದ್ದ, ಹೆಸರು ಹೇಳಿ ಎಂದಳು.

ಹೆಸರು ಹೇಳಿಲ್ಲ ಎಂದರು ಮೇಷ್ಟ್ರು. ಕೊನೆಯ ಪುಟವನ್ನು ತೋರಿಸಿದರು. ತಾವು ಬರೆದ ಪಾಠದಲ್ಲಿ ತೋಳವೇ ಇರಲಿಲ್ಲವಂತೆ. ಚಿತ್ರ ತಂದುಕೊಟ್ಟಾಗ ಅವರು ಜಗಳವನ್ನೇ ಆಡಿದ್ದರು. ತೋಳ ಬಂಡೆಯ ಮರೆಯಲ್ಲಿ ಅಡಗುತ್ತದೆ, ಮಂದೆಯೊಳಗೆ ಅಡಗುವುದಿಲ್ಲ, ಇದು ವಿಜ್ಞಾನವಲ್ಲ, ಮಕ್ಕಳಿಗೆ ತಪ್ಪು ಹೇಳಿಕೊಟ್ಟಂತಾಗುತ್ತದೆ ಎಂದಿದ್ದರು. ರಂಗೇಶ್ ಮೊದಲ ಸಲ ಅವರ ಮಾತು ಮೀರಿದ್ದ. ಇದೊಂದು ಪುಟ ಇರಲಿ ಸಾರ್ ಎಂದಿದ್ದ.

ಚಂದ್ರಕ್ಕ ಪುಟವನ್ನು ಕಣ್ಣಿನ ಹತ್ತಿರಕ್ಕೆ ತಂದಳು. ಕುರಿಗಳ ನಡುವೆ ತಲೆ ತಗ್ಗಿಸಿ ನಿಂತ ತೋಳ. ಅದರ ಕಿವಿಯಲ್ಲೂ ಕಚ್ಚು ಇತ್ತು. ಈರಕ್ಕನ ಮನೆಯದೇ ಜೋಡಿ ಕಚ್ಚು.

ಆ ಮನೆಯಲ್ಲಿ ಒಬ್ಬಳು ತಟ್ಟೆ ತೊಳೆದಿಟ್ಟುಕೊಂಡು ಕಾದಿದ್ದಳು, ಇನ್ನೊಬ್ಬಳು ಅತ್ತಿದ್ದಳು. ಊರೂರು ಅಲೆದು ಹುಡುಕಿದವನು ಒಬ್ಬನೇ.

ಬಾಲರಾಜುವಿಗೆ ಫೋನ್ ಮಾಡಿದಳು. ಸ್ವಿಚ್ ಆಫ್. ಈರಕ್ಕನ ನಂಬರು ಎಂಗೇಜ್ ಬರುತ್ತಿತ್ತು. ಶಿವರಾಜನಿಗೆ ಜೀಪು ತಿರುಗಿಸಲು ಹೇಳಿ ಅವಳು ಹೊಸಿಲು ದಾಟುವಷ್ಟರಲ್ಲಿ ಗುರುತಿಲ್ಲದ ನಂಬರಿಂದ ಅವಳಿಗೇ ಕರೆ ಬಂತು. ಆ ಕಡೆ ದೀಪಾ. ನಗುತ್ತಿದ್ದಳೋ ಅಳುತ್ತಿದ್ದಳೋ ತಿಳಿಯುವಂತಿರಲಿಲ್ಲ.

ಊಟಕ್ಕೆ ಬಿಟ್ಟಾಗ ಅವ್ವನ ಮನೆಗೆ ಬಂದಳಂತೆ, ಮನೆಗೆ ಬೀಗ. ಪಕ್ಕದ ಮನೆಯ ಪುಟ್ಟಕ್ಕ ವಿಷಯವೆಲ್ಲ ಹೇಳಿದಳಂತೆ. ಈಗ ಮಾತಾಡುತ್ತಿರುವುದೂ ಪುಟ್ಟಕ್ಕನ ಫೋನಿನಲ್ಲೇ, ಏಕೆಂದರೆ ತನ್ನ ಫೋನನ್ನು ಅವ್ವನಿಗೆ ಹಚ್ಚಿಟ್ಟಿದ್ದಾಳೆ. ಅವ್ವ ಎತ್ತಿ ಎರಡು ಮಾತಾಡಿ, ಕಟ್ ಮಾಡಲು ತಿಳಿಯದೆ ಹಾಗೆಯೇ ಎಲೆಯಡಿಕೆ ಸಂಚಿಗೆ ಹಾಕಿಕೊಂಡಿದ್ದಾಳೆ.

“ಅವ್ವ ಎಲ್ಲವ್ಳೆ ದೀಪಾ?” ಎಂದಳು ಚಂದ್ರಕ್ಕ.

“ಗುಡ್ಡದ ಮ್ಯಾಲವ್ಳೆ ಅಕ್ಕ. ನಮ್ಮನೆಯೋರೇ ಬೈಕ್ನಾಗೆ ಕರ್ಕಂಡು ಹೋದ್ರಂತೆ, ಬುತ್ತಿ ಕಟ್ಟಿಸ್ಕಂಡು. ಪೊಲೀಸ್ನೋರು ನೂರು ಜನ ಬಂದು ಕೂಗಿದ್ರೂ ರಂಗ ಈಚೆಗೆ ಬರಲ್ಲ, ನೀನೊಂದ್ಸಲ ಕೂಗು ಅತ್ತೆ, ಎಲ್ಲಿದ್ರೂ ಎದ್ದು ಬರ್ತಾನೆ ಅಂದ್ರಂತೆ.”

ಚಂದ್ರಕ್ಕ ಜೀಪಿನ ಬಾಗಿಲು ಹಿಡಿದುಕೊಂಡಳು. ನಿಮ್ಮ ಅವ್ವನನ್ನು ಹೇಗಾದರೂ ಮಾಡಿ ಸುಮ್ಮನಿರಿಸು, ಕೂಗಬೇಡವೆನ್ನು ಎಂದು ಹೇಳಿದಳು. ದೀಪಾಳಿಗೆ ಏನೂ ಅರ್ಥವಾಗಲಿಲ್ಲ. ಸಂಚಿಯಲ್ಲಿರುವ ಫೋನು ಅವ್ವನಿಗೆ ಎಲ್ಲಿ ಕೇಳಿಸುತ್ತದೆ ಎಂದಳು. ನಮಗೆ ಮಾತ್ರ ಕೇಳಿಸುತ್ತಿದೆ, ನೀವೂ ಕೇಳಿ ಎಂದು ಒಂದು ಫೋನನ್ನು ಇನ್ನೊಂದರ ಬಾಯಿಗೆ ಹಿಡಿದಳು.

ಮೊದಲು ಬರೀ ಗಾಳಿ. ಅದರೊಳಗೆ ದೊಡ್ಡ ರೆಕ್ಕೆಗಳು ತಿರುಗುವ ಸದ್ದು, ಒಣಹುಲ್ಲಿನ ಮೇಲೆ ಇಬ್ಬರ ಹೆಜ್ಜೆ. ಆಮೇಲೆ ಈರಕ್ಕನ ದನಿ, ಮಗನನ್ನು ಹೆಸರು ಹಿಡಿದು ಕರೆಯುತ್ತಿತ್ತು. ಅಷ್ಟು ಸಂತೋಷವಾದ ದನಿಯನ್ನು ಚಂದ್ರಕ್ಕ ಆ ಹೆಂಗಸಿನ ಬಾಯಲ್ಲಿ ಒಮ್ಮೆಯೂ ಕೇಳಿರಲಿಲ್ಲ. ಅವಳು ಫೋನಿನೊಳಕ್ಕೆ ಗಂಟಲು ಹರಿಯುವಂತೆ ಕೂಗಿದಳು, ಸುಮ್ಕಿರು ಈರಕ್ಕ, ಸುಮ್ಕಿರು ಎಂದು. ಬೀದಿಯ ಜನ ತಿರುಗಿ ನೋಡಿದರು.

ಈರಕ್ಕ ಎರಡನೆಯ ಸಲ ಕರೆದಳು. ಒಂದು ಜೋಡಿ ಹೆಜ್ಜೆ ಅವಳ ಪಕ್ಕದಿಂದ ಸರಿದು ಮುಂದಕ್ಕೆ ಹೋಗಿ ನಿಂತಿತು.

ಗಾಳಿ ಒಂದು ಗಳಿಗೆ ತಗ್ಗಿತು. ಆಗ ತೀರ ದೂರದಿಂದ, ಗುಡ್ಡದ ಯಾವುದೋ ಬಂಡೆಯ ಸಂದಿಯಿಂದ, ಬಹಳ ದಿನಗಳಿಂದ ಮಾತಾಡಿರದ ಗಂಟಲೊಂದು ಓಗೊಟ್ಟಿತು.

“ಓ... ಅವ್ವಾ.”